ಕಂಸದೊಳಗಿನ ನಗು

ನಗರಸಭೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಪೆನ್ಸಿಲಕ್ಕ ಎಂದು. ಇಪ್ಪತ್ತೆರಡು ವರ್ಷ ಅವರು ಅಲ್ಲಿನ ಶೀಘ್ರಲಿಪಿಗಾರ್ತಿ. ಅಧ್ಯಕ್ಷರ ಎಡಕ್ಕೆ ಒಂದು ಗಿಡ್ಡ ಮೇಜು, ಅದರ ಮೇಲೆ ಚೂಪು ಮಾಡಿದ ಆರು ಪೆನ್ಸಿಲ್. ಸಭೆಯಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಂಡು, ಮರುದಿನ ಟೈಪು ಮಾಡಿ, ನಡಾವಳಿ ಎಂದು ಕೊಡಬೇಕು. ಮದುವೆಯಾಗಿರಲಿಲ್ಲ, ತಂಗಿಯ ಮನೆಯ ಮಹಡಿಯಲ್ಲಿ ಒಂದು ಕೋಣೆಯಲ್ಲಿದ್ದರು.

ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಮೊದಲ ದಿನವೇ ಹೇಳಿದ್ದರು: "ಮೈಕಿನಲ್ಲಿ ಬಂದದ್ದು ಮಾತ್ರ ಮಾತು. ಪಕ್ಕದಿಂದ ಯಾರಾದ್ರೂ ಏನಾದ್ರೂ ಅಂದ್ರೆ ಬಿಟ್ಬಿಡು. ಸಭೆ ನಕ್ರೆ ಕಂಸದಲ್ಲಿ 'ನಗು' ಅಂತ ಹಾಕು. ಯಾರು ನಕ್ರು, ಯಾಕೆ ನಕ್ರು ಅನ್ನೋದು ನಿನ್ನ ತಲೆನೋವಲ್ಲ."

ಪೆನ್ಸಿಲಕ್ಕ ಹಾಗೆಯೇ ಮಾಡಿಕೊಂಡು ಬಂದರು.

ಒಂದು ಮಧ್ಯಾಹ್ನ ಬಸ್ ನಿಲ್ದಾಣ ಗುಡಿಸುವ ಹೆಂಗಸೊಬ್ಬಳು ಅರ್ಜಿ ಹಿಡಿದು ಬಂದಳು. ಕೆಲಸ ಮುಗಿದ ಮೇಲೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ ಬೇಕು ಎಂದಳು. ಹಿಂದಿನ ಸಾಲಿನ ಸದಸ್ಯರೊಬ್ಬರು ಮೈಕಿಲ್ಲದೆ, "ನಿಲುವುಗನ್ನಡೀನೂ ಬೇಕೇನಮ್ಮ?" ಎಂದರು. ಸಭೆ ಗೊಳ್ಳೆಂದಿತು. ಹೆಂಗಸು ಅರ್ಜಿಯನ್ನು ಮಡಚಿಕೊಂಡು ಕೂತಳು. ಪೆನ್ಸಿಲಕ್ಕ ಅಭ್ಯಾಸಬಲದಿಂದ ಸದಸ್ಯರ ಮಾತು ಬಿಟ್ಟು, ಆಕೆಯ ಮಾತಿನ ಕೆಳಗೆ (ನಗು) ಎಂದು ಬರೆದರು.

ವಾರದ ನಂತರ ಆ ಹೆಂಗಸು ಮಗಳ ಜೊತೆ ಬಂದಳು. ಮಗಳು ದರ್ಜಿ ಕೆಲಸದವಳು. ಕೈಯಲ್ಲಿ ನಡಾವಳಿಯ ಪ್ರತಿ ಇತ್ತು.

"ಅಕ್ಕಾ, ಇಲ್ಲಿ ನಗು ಅಂತಿದೆಯಲ್ಲ, ನಮ್ಮಮ್ಮ ತಮಾಷೆಗೆ ಕೇಳಿದ್ಲು ಅಂತಾನಾ?"

"ನಾನು ನಗಲಿಲ್ಲಮ್ಮಾ" ಎಂದಳು ತಾಯಿ. ದೂರಿನ ಧ್ವನಿಯಲ್ಲ, ತಪ್ಪೊಂದನ್ನು ತಿದ್ದುವವಳ ಹಾಗೆ.

ಅವರು ಹೋದ ಮೇಲೆ ಪೆನ್ಸಿಲಕ್ಕ ಗ್ರಂಥಾಲಯದ ಕೋಣೆಗೆ ಹೋಗಿ ದಪ್ಪ ನಿಘಂಟು ತೆರೆದರು. ನಗು: ಹಳೆಯ ಪದ, ಅಕ್ಕಪಕ್ಕದ ಭಾಷೆಗಳಲ್ಲೂ ಇದೇ ಬೇರು. ಸಂತೋಷ ತೋರಿಸು ಎಂಬುದು ಒಂದು ಅರ್ಥ. ಅಪಹಾಸ್ಯ ಮಾಡು ಎಂಬುದು ಇನ್ನೊಂದು. ಹೂವು ಅರಳುವುದಕ್ಕೂ ಹಳಗನ್ನಡದವರು ಅದೇ ಮಾತನ್ನು ಬಳಸಿದ್ದರು. ಇಷ್ಟನ್ನೂ ತಾವು ಇಷ್ಟು ವರ್ಷ ಒಂದೇ ಕಂಸದಲ್ಲಿ ತುರುಕುತ್ತಿದ್ದೆವೆಂದು ಅವರಿಗೆ ಆಗ ಹೊಳೆಯಿತು. ಇನ್ನೊಂದು ಬಾರಿ ಓದಿ ಪುಸ್ತಕ ಮುಚ್ಚಿದರು.

ಮುಂದಿನ ಸಭೆಗೆ ಅವರೇ ಒಂದು ತಿದ್ದುಪಡಿ ಟೈಪು ಮಾಡಿದರು: "ಅರ್ಜಿದಾರಳನ್ನು ನೋಡಿ ಸದಸ್ಯರು ನಕ್ಕರು."

ಕಾರ್ಯದರ್ಶಿ ಕರೆಸಿದರು. "ಇದೇನಮ್ಮಾ ಹೊಸ ರಾಗ?"

"ಹೊಸದೇನಿಲ್ಲ ಸಾರ್. ಕರ್ತೃ, ಕರ್ಮ ಸೇರಿಸಿದೀನಿ, ಅಷ್ಟೆ."

"ವ್ಯಾಕರಣ ಶಾಲೇಲಿ ಇಟ್ಕೊಳ್ಳಿ. ಸದಸ್ಯರ ಮಾನ ಏನಾಗಬೇಕು?"

ವಿಷಯ ಸಭೆಯ ಮುಂದೆ ಬಂತು. ವಯಸ್ಸಾದ ಸದಸ್ಯೆಯೊಬ್ಬರು, "ನಕ್ಕಿದ್ದಂತೂ ಹೌದಲ್ಲ, ನಾನೂ ನಕ್ಕೆ" ಎಂದರು. ಉಳಿದವರಿಗೆ ಅದು ರುಚಿಸಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಜೊತೆಗೆ ಹಳೆಯ ಕಂಸವನ್ನೂ ತೆಗೆಯಬೇಕು, ಇನ್ನು ಮುಂದೆ ನಗುವನ್ನು ದಾಖಲಿಸಲೇ ಕೂಡದು ಎಂದು ನಿರ್ಣಯವಾಯಿತು.

ತಾಯಿಗೂ ಮಗಳಿಗೂ ಪೆನ್ಸಿಲಕ್ಕನೇ ಸುದ್ದಿ ಹೇಳಿದರು.

"ಅಂದ್ರೆ ಅವರು ನಗಲೇ ಇಲ್ಲ ಅಂತಾಯ್ತಾ?" ಎಂದು ತಾಯಿ ಕೇಳಿದಳು.

ಪೆನ್ಸಿಲಕ್ಕನ ಮುಖ ಸಣ್ಣದಾಯಿತು. ಆ ದಿನದ ಶೀಘ್ರಲಿಪಿಯ ಪುಸ್ತಕ ತೆಗೆದು, ಗೀಟುಗಳ ಮೇಲೆ ಬೆರಳಿಟ್ಟು, ನಡೆದದ್ದನ್ನೆಲ್ಲ ಗಟ್ಟಿಯಾಗಿ ಓದಿದರು. ಕನ್ನಡಿಯ ಮಾತು ಪುಸ್ತಕದಲ್ಲಿರಲಿಲ್ಲ. ಅದನ್ನು ನೆನಪಿನಿಂದ ಹೇಳಿದರು. ಮಗಳು ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡಳು. ಅದೇ ಹಾಳೆಯನ್ನು ಲಗತ್ತಿಸಿ ತಾಯಿ ಮತ್ತೆ ಅರ್ಜಿ ಹಾಕಿದಳು.

ಕೋಣೆ ಮಂಜೂರಾಗಲು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಬಾಗಿಲಿಗೆ ಒಳಚಿಲಕ ಹಾಕುವುದನ್ನು ಮರೆತಿದ್ದರು. ಅದನ್ನು ಮಗಳೇ ತಂದು ಹಾಕಿಸಿದಳು.