ಆರು ಜನ ಹೊತ್ತು ನಡೆಯುವಷ್ಟು ದಾರಿ

ಇದನ್ನು ಬರೆಯುವುದಕ್ಕೆ ಅವನ ತಾಯಿ ತೀರಿಕೊಳ್ಳುವ ತನಕ ಕಾದೆ. ಅವರು ಹೋಗಿ ಈ ಮಾರ್ಚಿಗೆ ಒಂದು ವರ್ಷ. ಇನ್ನು ಇದನ್ನು ಓದಿ ನೊಂದುಕೊಳ್ಳುವವರು ನನ್ನ ಹೊರತು ಯಾರೂ ಇಲ್ಲ. ನಾನು ನೊಂದರೆ ಅಡ್ಡಿಯಿಲ್ಲ.

ಬಾಳೂರಿನಿಂದ ಸ್ವಲ್ಪ ಒಳಗೆ ನಮ್ಮ ತೋಟ. ಅದನ್ನು ದಾಟಿದರೆ ಅವರ ಎರಡೂವರೆ ಎಕರೆ, ಒಂದು ಹೆಂಚಿನ ಮನೆ. ಗಂಡ ಇಲ್ಲದ ಹೆಂಗಸು, ಒಬ್ಬನೇ ಮಗ. ರಸ್ತೆಯಿಂದ ಅವರ ಮನೆಗೆ ನಮ್ಮ ಕಾಫಿ ಗಿಡಗಳ ನಡುವೆ ಒಂದು ಕಾಲುದಾರಿ ಇತ್ತು. ಎದುರಿಗೆ ಯಾರಾದರೂ ಬಂದರೆ ಒಬ್ಬರು ಗಿಡದೊಳಗೆ ಸರಿದು ನಿಲ್ಲಬೇಕು, ಅಷ್ಟು ಕಿರಿದು. ಗ್ಯಾಸ್ ಸಿಲಿಂಡರ್, ಗೊಬ್ಬರ, ಕೊಯ್ದ ಕಾಫಿ ಹಣ್ಣು ಎಲ್ಲವನ್ನೂ ಹೊತ್ತೇ ಸಾಗಿಸಬೇಕು. ಒಂದು ಜೀಪು ಹೋಗುವಷ್ಟು ದಾರಿ ಬಿಡಿ ಎಂದು ಅವರು ಕೇಳಿದ್ದರು, ಊರವರು ಕೇಳಿದ್ದರು, ಪಂಚಾಯಿತಿ ಸದಸ್ಯರು ಮನೆಗೇ ಬಂದು ಕೇಳಿದ್ದರು. ನಾನು ಬಿಡಲಿಲ್ಲ. ಬಿಡಬೇಕೆಂದರೆ ಒಂದು ಸಾಲು ಗಿಡ ಕೀಳಬೇಕು. ಅಪ್ಪ ಕೈಯಾರೆ ನೆಟ್ಟ ಸಾಲು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಅಪ್ಪ ನೆಟ್ಟದ್ದು ಇಡೀ ತೋಟವನ್ನು; ಆ ಒಂದು ಸಾಲಿನ ಮೇಲೆ ಅವರಿಗೇನೂ ವಿಶೇಷ ಪ್ರೀತಿ ಇರಲಿಲ್ಲ. ಕೇಳಿದವರಿಗೆಲ್ಲ ಕೊಟ್ಟರೆ ಸದರವಾಗಿಬಿಡುತ್ತೇನೆ ಎಂಬ ಭಯ ನನ್ನದು.

"ಒಂದು ಸಾಲು ಗಿಡ ಹೋದ್ರೆ ನಾವೇನು ಉಪವಾಸ ಬೀಳ್ತೀವಾ?" ಎಂದು ಹೆಂಡತಿ ಕೇಳಿದಾಗ ಅವಳ ಮೇಲೂ ರೇಗಿದ್ದೆ.

ಅವನ ತಾಯಿ ನನಗಿಂತ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಹುಡುಗ ನನ್ನನ್ನು ಮಾವ ಎನ್ನುತ್ತಿದ್ದ. ಸಂಬಂಧವೇನಿಲ್ಲ, ನೆರೆಮನೆಯ ಬಳಕೆ. ಸೈನ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ರಜೆಗೆ ಬಂದರೆ ಸುಮ್ಮನೆ ಕೂರುವ ಜನ್ಮವಲ್ಲ. ತಾಯಿಯ ಜೊತೆ ಹಣ್ಣು ಕೊಯ್ಯುವುದಕ್ಕೆ ನಿಂತು, ಹೆಂಗಸರ ಅರ್ಧದಷ್ಟೂ ಕೊಯ್ಯಲಾಗದೆ ಅವರಿಂದ ಗೇಲಿ ಮಾಡಿಸಿಕೊಳ್ಳುತ್ತಿದ್ದ. ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ತೋಟದೊಳಗೆ ಹೋಗುವಾಗ ನಾನು ಕಂಡರೆ ನಿಲ್ಲುವನು. "ಮಾವ, ನಿಮ್ಮ ಗಿಡಕ್ಕೆ ತಾಗಿಸಿಲ್ಲ, ಬಂದು ನೋಡ್ಕಳಿ" ಎನ್ನುವನು. ಚುಚ್ಚಿದ್ದು ತಿಳಿಯುತ್ತಿತ್ತು, ಆದರೂ ನಗು ಬರುತ್ತಿತ್ತು. ಯಾರನ್ನು ಕಂಡರೂ ಮೈಮೇಲೆ ಬೀಳುವ ನಮ್ಮ ನಾಯಿಯೂ ಅವನ ಹಿಂದೆ ಬಾಲ ಅಲ್ಲಾಡಿಸಿಕೊಂಡು ಹೋಗುತ್ತಿತ್ತು.

ಕೊನೆಯ ಸಲ ಬಂದದ್ದು ಜನವರಿಯಲ್ಲಿ. ನಾನು ಕಣದಲ್ಲಿ, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡುತ್ತಿದ್ದೆ. ಅವನು ಬಂದು ನಿಂತ. ಅವತ್ತು ತಮಾಷೆ ಮಾಡಲಿಲ್ಲ.

"ಮಾವ, ಅಮ್ಮಂಗೆ ಮಂಡಿ ನೋವು ಜೋರಾಗಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಂದ್ರೆ ರಸ್ತೆ ತನಕ ಎತ್ಕೊಂಡೇ ಬರ್ಬೇಕು. ನಾನಿಲ್ದಾಗ ಯಾರು ಎತ್ತೋರು? ಒಂದು ಜೀಪು ಬರೋವಷ್ಟು ದಾರಿ ಬಿಡಿ."

ನಾನು ತಲೆ ಎತ್ತಲಿಲ್ಲ. "ನೀನು ಮೊದ್ಲು ಡ್ಯೂಟಿಗೆ ಹೋಗಿ ಬಾ ಮಾರಾಯ. ಬಂದ ಮೇಲೆ ನೋಡಣ" ಎಂದೆ.

ಕೊಡುವುದಿಲ್ಲ ಎಂದು ಮುಖಕ್ಕೆ ಹೇಳಲಾಗದವರು ಆಡುವ ಮಾತು ಅದು. ಅಷ್ಟು ಅರ್ಥವಾಗದ ಹುಡುಗನೇನಲ್ಲ. "ಆಯ್ತು ಮಾವ" ಎಂದು ಹೊರಟುಹೋದ.

ಆ ಬೇಸಿಗೆಯಲ್ಲಿ ಗಡಿಯಲ್ಲಿ ಯುದ್ಧ ಶುರುವಾಯಿತು. ಜೂನ್ ಮೊದಲ ವಾರ, ಇನ್ನೂ ಮಳೆ ಹಿಡಿದಿರಲಿಲ್ಲ, ತಾಲೂಕು ಕಚೇರಿಯವರ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಅವನ ಮನೆಗೆ ದಾರಿ ಯಾವುದು ಎಂದು ಕೇಳಿದರು. ಯಾಕೆಂದು ಕೇಳಿದೆ, ಹೇಳಿದರು. ದಾರಿ ತೋರಿಸಲು ನಾನೇ ಹೊರಟೆ. ನಾನು ಮುಂದೆ, ಅವರು ಒಬ್ಬರ ಹಿಂದೊಬ್ಬರು. ಇಪ್ಪತ್ನಾಲ್ಕು ವರ್ಷದ ಮಗ ಸತ್ತನೆಂಬ ಸುದ್ದಿ ಆ ತಾಯಿಯ ಮನೆಗೆ ನನ್ನ ಬೆನ್ನ ಹಿಂದೆಯೇ ನಡೆದು ಹೋಯಿತು.

ಮಾರನೆಯ ದಿನ ಸೈನ್ಯದವರೊಬ್ಬರು ದಾರಿ ನೋಡಲು ಬಂದರು. ಹಾಸನದ ಕಡೆಯವರಂತೆ. ಕಾಲುದಾರಿಯ ಬಾಯಲ್ಲಿ ನಿಂತು ಎರಡೂ ಕೈ ಅಗಲಿಸಿದರು. ಅರ್ಧ ಅಗಲಿಸುವುದರೊಳಗೆ ಎರಡೂ ಕಡೆ ರೆಂಬೆ ತಾಗಿತು.

"ಪೆಟ್ಟಿಗೆ ಆರು ಜನ ಹೊರ್ತೀವಿ ಸರ್. ಈ ಕಡೆ ಮೂರು, ಆ ಕಡೆ ಮೂರು. ಇಲ್ಲಿ ಆಗಲ್ಲ. ತೋಟ ಯಾರದ್ದು?"

"ನಂದೇ" ಎಂದೆ.

ಅವರಿಗೆ ಹಿಂದಿನ ಕಥೆ ಏನೂ ಗೊತ್ತಿರಲಿಲ್ಲ. ಅಲ್ಲಿದ್ದ ಊರವರಿಗೆ ಗೊತ್ತಿತ್ತು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಮನೆಗೆ ಹೋಗಿ ಕತ್ತಿ ತಂದು ಮೊದಲ ಗಿಡಕ್ಕೆ ಹಾಕಿದೆ. ಮಿಡಿ ಕಚ್ಚಿ ಹಸಿರು ಗೊಂಚಲು ತುಂಬಿದ್ದ ಗಿಡ. ಕರೆಯದೇ ಬಂದ ಆಳುಗಳು, ನೆರೆಯವರು ಗುದ್ದಲಿ ಹಿಡಿದರು. ಹೊರುವವರ ಕಾಲಿಗೆ ತಡೆಯಬಾರದೆಂದು ಬೊಡ್ಡೆಗಳನ್ನೂ ಕಿತ್ತು ಮಣ್ಣು ಸಮ ಮಾಡಿದೆವು. ಒಂಬತ್ತು ವರ್ಷ ಎಲ್ಲರೂ ಕೇಳಿದರೂ ಆಗದಿದ್ದ ಕೆಲಸ ಸಂಜೆಯೊಳಗೆ ಮುಗಿಯಿತು. ನನಗೆ ಅಳು ಬಂದದ್ದು ಆಗ, ಸಾವಿನ ಸುದ್ದಿ ಕೇಳಿದಾಗಲ್ಲ.

ಮೂಡಿಗೆರೆಯಿಂದ ದಾರಿಯುದ್ದಕ್ಕೂ ಜನ ನಿಂತು ಹೂವು ಹಾಕಿದ್ದರಂತೆ. ಆರು ಜನ ಅವನನ್ನು ಹೊತ್ತು ನಮ್ಮ ತೋಟದೊಳಗೆ ನಡೆದರು. ಯಾರ ಭುಜಕ್ಕೂ ಒಂದು ಎಲೆ ತಾಗಲಿಲ್ಲ.

ಆಮೇಲಿನದು ಬರೆಯಲು ನಾಚಿಕೆಯಾಗುತ್ತದೆ. ವೀರ ಯೋಧನಿಗಾಗಿ ತೋಟ ಕಡಿದ ಬೆಳೆಗಾರ ಎಂದು ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯಲ್ಲಿ ಶಾಲು ಹೊದಿಸಿದರು. ಬೇಡ ಎಂದರೆ ಅದನ್ನೂ ದೊಡ್ಡತನ ಎಂದುಕೊಂಡರು. ಹೆಂಡತಿ ಆ ಶಾಲನ್ನು ಬೀರುವಿನ ತಳದಲ್ಲಿ ಹಾಕಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಎಲ್ಲಕ್ಕಿಂತ ನನ್ನನ್ನು ಕೊಂದದ್ದು ಅಕ್ಕನ ಮಾತು. ಅವನ ಕಾರ್ಯದ ದಿನ ನೆಂಟರ ಮುಂದೆ ನನ್ನನ್ನು ತೋರಿಸಿ ಹೇಳಿದರು: "ದಾರಿ ಬಿಟ್ಟೋರು ಇವ್ರೇ. ಮಗಂಗೆ ಮೊದ್ಲೇ ಮಾತು ಕೊಟ್ಟಿದ್ರು. 'ಮಾವ ಒಪ್ಪಿದಾರೆ ಅಮ್ಮ, ಮುಂದಿನ ರಜಕ್ಕೆ ಬಂದಾಗ ಗಿಡ ತೆಗಿಸ್ತಾರೆ' ಅಂತ ಅವತ್ತೇ ಬಂದು ಹೇಳಿದ್ದ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ತಾಯಿಗೆ ಬೇಸರವಾಗಬಾರದೆಂದು ಹೇಳಿದನೋ, ನನ್ನ ಮಾನ ಉಳಿಸಲು ಹೇಳಿದನೋ, ಕೇಳೋಣವೆಂದರೆ ಅವನಿಲ್ಲ. ಮುಂದೆ ಅವರ ಮನೆಗೆ ಯಾರೇ ಬಂದರೂ ಅಕ್ಕ ಈ ಮಾತು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ವಿನಯ ಎಂದುಕೊಳ್ಳುತ್ತಿದ್ದರು ಜನ.

ಹೀಗೆ ಐದು ವರ್ಷ ತಡೆದುಕೊಂಡೆ. ಆರನೆಯ ವರ್ಷ ಒಂದು ಬೆಳಿಗ್ಗೆ, ಏನಾದರಾಗಲಿ ಹೇಳಿಬಿಡೋಣ ಎಂದು ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಮೆಣಸು ಕೇರುತ್ತಿದ್ದರು.

"ಅಕ್ಕ, ನಾನು ಅವನಿಗೆ ದಾರಿ ಬಿಡ್ತೀನಿ ಅಂತ ಹೇಳಿರ್ಲಿಲ್ಲ" ಎಂದೆ.

ಮೊರ ನಿಂತಿತು. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಅದಕ್ಕೇ ಬಂದಿದ್ದೆ. ಅವರ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಏನೋ ಕಳೆದುಕೊಂಡವರ ಹಾಗೆ ನನ್ನನ್ನು ನೋಡಿದರು.

"ಹಂಗಾದ್ರೆ ಅವನು ನನ್ನ ಹತ್ರ ಸುಳ್ಳು ಹೇಳಿದ್ನಾ?"

ನಾನು ಇದನ್ನು ಯೋಚಿಸಿರಲಿಲ್ಲ. ನನ್ನ ಎದೆ ಹಗುರ ಮಾಡಿಕೊಳ್ಳುವುದೊಂದೇ ತಲೆಯಲ್ಲಿತ್ತು. ಅವರ ಹತ್ತಿರ ಮಗನದೆಂದು ಉಳಿದಿದ್ದೇ ನಾಲ್ಕು ಮಾತು, ಅದರಲ್ಲೊಂದನ್ನು ಕಿತ್ತುಕೊಳ್ಳಲು ಹೊರಟಿದ್ದೆ.

"ಇಲ್ಲ ಅಕ್ಕ, ತಡೀರಿ" ಎಂದೆ. "ಹೇಳಿದ್ದೆ, ಹೇಳಿದ್ದೆ. ಕಣದಲ್ಲಿ ನಿಂತು ಹೇಳಿದ್ದೆ. ವಯಸ್ಸಾಯ್ತು ನೋಡಿ, ನಂಗೇ ಮರ್ತುಹೋಗಿದೆ."

ಅವರು ಮತ್ತೆ ಮೊರ ಆಡಿಸಿದರು. "ಅಲ್ಲ ಮಾರಾಯ್ರೆ, ಹೆದರ್ಸಿಬಿಟ್ರಿ. ಅವನು ಸುಳ್ಳು ಹೇಳೋ ಹುಡ್ಗ ಅಲ್ಲ."

"ಅಲ್ಲ" ಎಂದೆ.

ಅಕ್ಕ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಕಾಫಿ ಮಾಡಿ ತಂದರು. ಕುಡಿದೆ.