ನನ್ನ ಹೆಸರಿನಲ್ಲಿ ಹೋದ ಉತ್ತರ

ಶಾಮನೂರಿನಲ್ಲಿ ನನ್ನದೊಂದು ಹೊಲಿಗೆ ಶೆಡ್ಡು. ಶಾಲೆಯ ಯೂನಿಫಾರ್ಮು ಹೊಲಿಯುತ್ತೇವೆ. ಕೆಲವು ಹೆಂಗಸರು ಶೆಡ್ಡಿಗೆ ಬಂದು ಹೊಲಿಯುತ್ತಾರೆ, ಉಳಿದವರು ದಾವಣಗೆರೆ, ಹರಿಹರದ ತಮ್ಮ ಮನೆಗಳಲ್ಲೇ. ಎಲ್ಲರೂ ಕೂಡುವುದು ಫೋನಿನ ಒಂದು ಗ್ರೂಪಿನಲ್ಲಿ.

ಆ ಗ್ರೂಪು ನನ್ನ ತಲೆ ತಿನ್ನುತ್ತಿತ್ತು. ಕಾಲರಿನ ಅಳತೆ ಕೇಳಿದ ಪ್ರಶ್ನೆಯ ಮೇಲೆ ಶುಭೋದಯದ ಗುಲಾಬಿ, ಯಾರದೋ ಮನೆಯ ರಂಗೋಲಿ, ಮಂಡಕ್ಕಿ ಒಗ್ಗರಣೆಯ ಫೋಟೊ ಬಂದು ಬೀಳುತ್ತಿದ್ದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಂದು ಸಲ ಜೇಬಿಲ್ಲದ ಅಂಗಿಗಳ ಗಂಟೇ ಬಂತು. ಜೇಬು ಇರಲಿ ಎಂದು ನಾನು ಗ್ರೂಪಿನಲ್ಲಿ ಬರೆದಿದ್ದೆ. ಆ ಗದ್ದಲದಲ್ಲಿ ಯಾರಿಗೂ ಕಂಡಿರಲಿಲ್ಲ.

ಪರಿಚಯದವರೊಬ್ಬರು ಹರಿಹರದ ಹೆಣ್ಣುಮಗಳೊಬ್ಬಳ ನಂಬರು ಕೊಟ್ಟರು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಗ್ರೂಪು, ಈಮೇಲು ನೋಡಿಕೊಳ್ಳುವುದು ಅವಳ ಉದ್ಯೋಗ. ಅದಕ್ಕೆ ವರ್ಚುವಲ್ ಅಸಿಸ್ಟೆಂಟ್ ಎನ್ನುತ್ತಾರಂತೆ. ಮುಖ ನೋಡದೆಯೇ ಇಟ್ಟುಕೊಂಡೆ. ಗ್ರೂಪಿಗೆ ನನ್ನ ಹೆಸರಿನಲ್ಲೇ ಉತ್ತರ ಕೊಟ್ಟು, ದಿನಾ ನನಗೊಂದು ಸಾರಾಂಶ ಕಳಿಸಬೇಕು ಎಂದು ಮಾತಾಯಿತು.

"ಕೆಲಸದ್ದು ಅಷ್ಟೇ ಹೇಳಮ್ಮ, ಉಳಿದದ್ದು ನನಗ ಬ್ಯಾಡ," ಎಂದೆ.

"ಆಯ್ತು ರೀ, ಹಂಗೇ ಮಾಡ್ತೀನಿ," ಎಂದಳು.

ಹಾಗೇ ಮಾಡಿದಳು. ಅಂಗಿಗಳಿಗೆ ಜೇಬು ಬಂದವು, ಗುಂಡಿಗಳು ಜಾಗಕ್ಕೆ ಬಿದ್ದವು. ನಾನು ಗ್ರೂಪು ತೆರೆಯುವುದನ್ನೇ ಬಿಟ್ಟೆ. ಇಷ್ಟು ಸುಖ ಎಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಮ್ಮ ಶೆಡ್ಡಿನಲ್ಲೊಂದು ರೂಢಿ ಇದೆ. ಹೊಲಿಯುವವಳು ಬಸುರಿಯಾದರೆ ತನ್ನ ಕುಬುಸದ, ಅಂದರೆ ಸೀಮಂತದ, ಹಸಿರು ರವಿಕೆಗೆ ಅವಳು ಸೂಜಿ ಮುಟ್ಟುವಂತಿಲ್ಲ. ಕತ್ತರಿಸುವುದು ನಾನು, ಹೊಲಿಯುವುದು ಉಳಿದವರು. ಈಗ ಹರಿಹರದ ಮನೆಯಲ್ಲೇ ಕೂತು ನಮಗೆ ಹೊಲಿಯುವ ಹುಡುಗಿಯೊಬ್ಬಳಿಗೆ ಏಳನೇ ತಿಂಗಳು ನಡೆಯುತ್ತಿತ್ತು. ಎಲ್ಲರಿಗಿಂತ ಚಿಕ್ಕವಳು, ನನ್ನ ಕೈಯಲ್ಲೇ ಕತ್ತರಿ ಹಿಡಿಯಲು ಕಲಿತವಳು. ಅವಳ ರವಿಕೆಗೆ ಬಟ್ಟೆ ಆರಿಸಿಟ್ಟುಕೊಂಡು, ಕುಬುಸದ ದಿನ ಹೇಳಲಿ ಎಂದು ಕಾಯುತ್ತಿದ್ದೆ. ನನಗೆ ಮಗಳಿಲ್ಲ. ಆ ರವಿಕೆ ನಾನೇ ಕತ್ತರಿಸುವ ಆಸೆ ತುಂಬ ಇತ್ತು.

ಒಂದು ಬೆಳಿಗ್ಗೆ ಸಾರಾಂಶ ಬಂತು: ಇವತ್ತು ಎಲ್ಲರೂ ರಜೆ, ಭಾನುವಾರ ಬಂದು ಕೆಲಸ ಮುಗಿಸುತ್ತಾರೆ. ಎಲ್ಲರೂ ಒಟ್ಟಿಗೆ ರಜೆ ಯಾಕೆಂದು ಶೆಡ್ಡಿಗೆ ಹೋದರೆ ಬೀಗ. ಪಕ್ಕದ ಮನೆಯ ಅಜ್ಜಿ, "ಎಲ್ರೂ ಹರಿಹರಕ್ಕ ಕುಬುಸಕ್ಕ ಹೋಗ್ಯಾರಲ್ಲವ್ವ, ನೀ ಹೋಗಿಲ್ಲೇನು?" ಎಂದು ಕೇಳಿದಳು.

ಅಲ್ಲೇ ಕಟ್ಟೆಯ ಮೇಲೆ ಕೂತು ಗ್ರೂಪು ತೆರೆದೆ. ಹಳೆಯದನ್ನು ಸರಿಸುತ್ತ ಹೋದಾಗ ಕುಬುಸದ ಕಾರ್ಡು ಸಿಕ್ಕಿತು. ಕೆಳಗೆ ಹುಡುಗಿ ಬರೆದಿದ್ದಳು: "ರವಿಕೆ ಅಳತೆ ಕೊಡಾಕ ಯಾವಾಗ ಬರ್ಲಿ ರೀ?" ಅದಕ್ಕೆ ನನ್ನ ಹೆಸರಿನಲ್ಲಿ ಉತ್ತರ: "ಗಮನಿಸಲಾಗಿದೆ. ಧನ್ಯವಾದಗಳು." ಯಾವ ಕಚೇರಿಯೂ ಇದಕ್ಕಿಂತ ತಣ್ಣಗೆ ಬರೆದಿರಲಾರದು. ಅವಳು ಮತ್ತೆ ಕೇಳಿರಲಿಲ್ಲ.

ಸಿಕ್ಕ ಬಸ್ಸು ಹತ್ತಿದೆ. ಹರಿಹರ ಬರುವವರೆಗೂ ಆ ಅಸಿಸ್ಟೆಂಟಿಗೆ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡೆ.

ಹೋಗುವಷ್ಟರಲ್ಲಿ ಆರತಿ ಮುಗಿದಿತ್ತು. ಹುಡುಗಿ ಹಸಿರು ಸೀರೆ, ಹಸಿರು ರವಿಕೆಯಲ್ಲಿ ಕೂತಿದ್ದಳು. ತೋಳು, ಭುಜ, ಬೆನ್ನು ನೋಡಿದೆ. ಹುಳುಕು ಹುಡುಕಿದೆ, ಸಿಗಲಿಲ್ಲ.

"ಯಾರು ಕತ್ತರಿಸಿದ್ದು?"

"ಎಲ್ರೂ ಸೇರಿ ಮಾಡಿದ್ರು ರೀ. ನಿಮ್ಗ ಪುರುಸೊತ್ತಿಲ್ಲ ಅಂದ್ಕೊಂಡ್ವಿ." ಅವಳ ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೋಳಿಗೆ ಬುಟ್ಟಿ ಹಿಡಿದು ಓಡಾಡುತ್ತಿದ್ದ ಕನ್ನಡಕದ ಹೆಂಗಸೊಬ್ಬಳು ಹತ್ತಿರ ಬಂದು ನಿಂತಳು. ಬಾಯಿ ತೆರೆದ ಕೂಡಲೇ ಫೋನಿನ ದನಿ ಗುರುತಾಯಿತು. ನನ್ನ ಹೆಸರಿನಲ್ಲಿ ಉತ್ತರ ಕೊಡುವವಳು ಅವಳೆಂದು ನಾನೇ ಸಾರಿದ್ದೆನಲ್ಲ, ಗ್ರೂಪಿನವರು ಅವಳನ್ನೂ ಕರೆದಿದ್ದರು.

"ಕೆಲಸದ್ದಷ್ಟೇ ಹೇಳು ಅಂದಿದ್ರಲ್ಲ ರೀ, ಅದಕ್ಕೇ ಇದನ್ನ ತಿಳಿಸ್ಲಿಲ್ಲ," ಎಂದಳು.

ಊಟಕ್ಕೆ ಚಾಪೆ ಹಾಸುತ್ತಿದ್ದವರ ಕಡೆ ಹೋಗಿ ನಾನೂ ಒಂದು ತುದಿ ಹಿಡಿದೆ.

ಎಲ್ಲರೂ ಚಾಪೆಯ ಮೇಲೆ ಊಟಕ್ಕೆ ಕೂತರು. ನನಗೊಬ್ಬಳಿಗೆ ಕುರ್ಚಿ ತಂದು ಹಾಕಿದರು. ಬಡಿಸಲು ಎದ್ದರೆ, "ನೀವ್ ಕೂಡ್ರಿ ಮೇಡಂ," ಎಂದರು, ಇಷ್ಟು ವರ್ಷ ಅಕ್ಕ ಎನ್ನುತ್ತಿದ್ದವರು. ಕೂತೆ.

ಪಂಕ್ತಿಯ ಆ ತುದಿಯಿಂದ ಯಾರೋ, "ಅಕ್ಕಾ, ಇಲ್ಲಿ ತುಪ್ಪ ತರ್ರಿ," ಎಂದು ಕೂಗಿದರು. ನಾನು ಥಟ್ಟನೆ ಎದ್ದು ನಿಂತೆ. ಕನ್ನಡಕದವಳು "ಬಂದೆ" ಎನ್ನುತ್ತ ಆಗಲೇ ತುಪ್ಪ ಹಿಡಿದು ಆ ಕಡೆ ಹೊರಟಿದ್ದಳು.