ಶಾರದಕ್ಕನ ಗೇಟು

ಸೀರೆಯನ್ನು ಎತ್ತಿ ಕಟ್ಟಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊಲದಲ್ಲಿ ಓಡಾಡುತ್ತಿದ್ದ ಹೆಂಗಸು ಅಮೆರಿಕದ ಡರ್ಹಮ್ ಸುತ್ತಮುತ್ತ ಒಬ್ಬರೇ, ನಮ್ಮ ಶಾರದಕ್ಕ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಅಲ್ಲಿಗೆ ಹೋದ ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ನಾನು ಹೆದರಿ ಅವರತ್ತ ತಿರುಗಿದರೆ, "ರಸ್ತೆ ನೋಡು, ನನ್ನ ಮುಖದಲ್ಲೇನಿದೆ" ಎನ್ನುತ್ತಿದ್ದರು.

ಮಂಡ್ಯ ಕಡೆಯ ಒಕ್ಕಲು ಮನೆತನದವರು. ಉಳಿದ ಡಾಕ್ಟರುಗಳ ಹೆಂಡತಿಯರು ದೊಡ್ಡ ಮನೆಯ ಮಾತಾಡಿದರೆ ಇವರದು ಒಂದೇ ಮಾತು: "ನೆಲ ಇಲ್ದಿದ್ರೆ ಎಷ್ಟು ವರ್ಷ ಇದ್ರೂ ನಾವು ಇಲ್ಲಿ ಗೆಸ್ಟೇ ಕಣೆ."

ಊರಾಚೆ ಒಬ್ಬ ಮುದುಕನ ಹೊಗೆಸೊಪ್ಪಿನ ಜಮೀನಿತ್ತು. ಅದರಲ್ಲೊಂದು ತುಂಡನ್ನು ಶಾರದಕ್ಕ ಮತ್ತು ಅವರ ಗೆಳತಿ ವಿಮಲಾ ಗುತ್ತಿಗೆಗೆ ಹಿಡಿದು ಅವರೆ, ಬದನೆ ಬೆಳೆಯುತ್ತಿದ್ದರು. ವಿಮಲಾಳ ಗಂಡ ಶಂಕರ್ ಕೂಡ ಡಾಕ್ಟರು. ಒಬ್ಬರ ಬಾಣಂತನ ಇನ್ನೊಬ್ಬರು ಮಾಡಿದಷ್ಟು ಹತ್ತಿರದ ಸಂಸಾರಗಳು. ಮುದುಕ ತೀರಿಕೊಂಡು ಮಗಳು ಜಮೀನು ಮಾರಲು ಹೊರಟಾಗ ಇಬ್ಬರೂ ಸೇರಿ ಕೊಳ್ಳುವುದೆಂದು ಮಾತಾಯಿತು. ಆದರೆ ಹಳ್ಳದ ದಂಡೆಯ ಒಳ್ಳೆಯ ಮಣ್ಣಿನ ಭಾಗವನ್ನು ಶಂಕರ್ ಸದ್ದಿಲ್ಲದೆ ತಮ್ಮೊಬ್ಬರ ಹೆಸರಿಗೆ ಬರೆಸಿಕೊಂಡರು. ಜಂಟಿ ಆಸ್ತಿ ಮುಂದೆ ಮಕ್ಕಳಿಗೆ ತೊಂದರೆ ಎಂಬುದು ಅವರ ಸಮಜಾಯಿಷಿ.

ಶಾರದಕ್ಕ ಜಗಳವಾಡಲಿಲ್ಲ. ರಸ್ತೆಗೆ ಹೊಂದಿಕೊಂಡ ಮೇಲಿನ ಒಣ ಭಾಗವನ್ನು ಗಂಡನಿಂದ ಕೊಳ್ಳಿಸಿದರು. ಕೆಳಗಿನ ಹೊಲಕ್ಕೆ ಹೋಗುವ ದಾರಿ ಅದರ ನಡುವೆಯೇ ಇತ್ತು. ಅದಕ್ಕೆ ಕಬ್ಬಿಣದ ಗೇಟು ಹಾಕಿಸಿ, ಸರಪಳಿ ಸುತ್ತಿ ಬೀಗ ಜಡಿದರು. ಗಂಡ ಬೇಡವೆಂದರೂ ಕೇಳಲಿಲ್ಲ. ಶಂಕರ್ ಕಾಡು ಬಳಸಿ, ಕೆಸರಿನಲ್ಲಿ ಟ್ರ್ಯಾಕ್ಟರ್ ತರಬೇಕಾಯಿತು.

ಮರುವರ್ಷ ಉಳುಮೆಯ ಕಾಲಕ್ಕೆ ಆ ಟ್ರ್ಯಾಕ್ಟರ್ ಹಳ್ಳದ ಏರಿಯಲ್ಲಿ ಮಗುಚಿತು. ಶಂಕರ್ ಅಡಿಯಲ್ಲಿ ಸಿಕ್ಕಿಕೊಂಡರು. ಆಂಬ್ಯುಲೆನ್ಸ್ ಬಂದು ಗೇಟಿನ ಮುಂದೆ ನಿಂತಿತು. ಶಾರದಕ್ಕ ಬೀಗದ ಕೈ ಸಮೇತ ಪೇಟೆಗೆ ಹೋಗಿದ್ದರು. ಪಕ್ಕದ ರೈತ ಸರಪಳಿ ಕತ್ತರಿಸುವಷ್ಟರಲ್ಲಿ ತಡವಾಗಿತ್ತು.

ಕರ್ಮಾಂತರಗಳು ಮುಗಿದ ಮೇಲೆ ಶಾರದಕ್ಕ ನನ್ನನ್ನು ಕರೆದುಕೊಂಡು ವಿಮಲಾಳ ಮನೆಗೆ ಹೋದರು. ವಿಮಲಾ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು: "ಗೇಟ್ ತೆಗೆದಿದ್ರೂ ಅವ್ರು ಉಳೀತಿರ್ಲಿಲ್ಲ ಅಂತ ಡಾಕ್ಟ್ರು ಹೇಳಿದಾರೆ, ಶಾರದಕ್ಕ. ನಾನು ನಂಬಿದೀನಿ. ಆದ್ರೂ ನೀವು ಇನ್ನು ಬರ್ಬೇಡಿ."

ಶಾರದಕ್ಕ ಜಮೀನು ಮಾರಿಸಿ, ಗಂಡನೊಂದಿಗೆ ಪಕ್ಕದ ರಾಜ್ಯದ ಕೊಲಂಬಿಯಾ ಪಟ್ಟಣಕ್ಕೆ ಹೋದರು. ಕೆಲವು ವರ್ಷಗಳ ನಂತರ ಅಲ್ಲಿ ಅವರನ್ನು ಕಂಡೆ. ಕೂದಲು ಪೂರ್ತಿ ನರೆತಿತ್ತು. ಮನೆಯ ಹಿಂದೆ ಬರೀ ಹುಲ್ಲು. ಒಂದು ಮೆಣಸಿನ ಗಿಡವೂ ಇರಲಿಲ್ಲ. ಊಟ ಬಡಿಸುತ್ತಾ, "ವಿಮಲಾ ನನ್ನ ಬಗ್ಗೆ ಏನಾದ್ರೂ ಅಂತಾಳಾ?" ಎಂದು ಕೇಳಿದರು.

ಏನೂ ಅನ್ನುವುದಿಲ್ಲ ಎಂದೆ.

"ಬೈದಿದ್ರೆ ಚೆನ್ನಾಗಿರ್ತಿತ್ತು," ಎಂದು ಅನ್ನದ ಪಾತ್ರೆ ಹಿಡಿದು ಒಳಗೆ ಹೋದವರು, ನನ್ನ ಊಟ ಮುಗಿದು ಕೈ ಒಣಗಿದರೂ ಹೊರಗೆ ಬರಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು.